ಉದಾಹರಣೆಗೆ ಒಂದು ಶಾಲೆ

ತಾನೇ ಬರೆದ ಪತ್ರಕ್ಕೆ ತಾನೇ ಉತ್ತರ ಬರೆಯುತ್ತ ಕೂತಿದ್ದಾಗ ಅಕ್ಕನ ಫೋನು ಬಂತು.

"ಕೆಲಸದಲ್ಲಿದ್ದೀಯೇನೋ?"

"ಹೂಂ. ಹೇಳು."

"ಏನಿಲ್ಲ. ಬೆಳಿಗ್ಗೆ ಒಬ್ಬಳು ತಾಯಿ ಬಂದಿದ್ಲು, ಮಗನ ಟೀಸಿ ಕೊಡಿ ಅಂತ. ಯಾಕಮ್ಮಾ ಅಂದ್ರೆ, ಶಾಲೆ ಮುಚ್ತಾರಂತಲ್ಲ ಟೀಚರ್ ಅಂದ್ಲು. ನಿನಗೇನಾದ್ರೂ ಗೊತ್ತಾ?"

ಅವನು ಪೆನ್ನಿನ ಮುಚ್ಚಳ ಹಾಕಿದ. ಮತ್ತೆ ತೆಗೆದ.

"ವಿಚಾರಿಸ್ತೀನಿ."

"ವಿಚಾರಿಸು. ನೀನು ಮಂಡಳಿಯಲ್ಲೇ ಇದ್ದೀಯಲ್ಲ, ಅದೊಂದು ಧೈರ್ಯ." ಹಿಂದೆ ಮಕ್ಕಳ ಗದ್ದಲ. ಅಕ್ಕ ಫೋನಿನಿಂದ ಬಾಯಿ ತಿರುಗಿಸಿ ಯಾರನ್ನೋ ಗದರಿದಳು. "ಊಟ ಮಾಡಿದ್ಯಾ?" ಎಂದು ಇವನನ್ನು ಕೇಳಿದಳು. ಹನ್ನೊಂದು ಗಂಟೆಗೆ ಯಾರು ಊಟ ಮಾಡುತ್ತಾರೆ. ಅಕ್ಕ ಯಾವಾಗಲೂ ಹೀಗೆಯೇ ಕೇಳುತ್ತಿದ್ದಳು, ಅವನು ಹೂಂ ಅನ್ನುತ್ತಿದ್ದ. ಈಗಲೂ ಹೂಂ ಅಂದ.

ವಿಶ್ವವಿದ್ಯಾಲಯ ಊರಿನ ಈ ಕೊನೆ, ಶಿಕ್ಷಣ ಯೋಜನಾ ಮಂಡಳಿ ಆ ಕೊನೆ. ಒಂದು ಓದುವವರದು, ಇನ್ನೊಂದು ಸರ್ಕಾರದ್ದು. ಇಬ್ಬರೂ ಸೇರಿ ಶಾಲೆಗಳ ಯೋಜನೆ ಮಾಡಬೇಕೆಂದು ಒಪ್ಪಂದವಾದಾಗ ಇಬ್ಬರ ನಡುವೆ ಓಡಾಡಲು ಒಬ್ಬ ಬೇಕಾಯಿತು. ವಿಶ್ವವಿದ್ಯಾಲಯದ ತನ್ನ ವಿಭಾಗದಲ್ಲಿ ಯಾರಿಗೂ ಬೇಡವಾಗಿದ್ದವನು ಇವನೇ. ಇಲ್ಲೊಂದು ಮೇಜು, ಅಲ್ಲೊಂದು ಮೇಜು. ಒಂದು ದಿನ ಇಲ್ಲಿ ಕೂತು "ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರಿಕೆ" ಎಂದು ಬರೆಯುವುದು. ಮರುದಿನ ಅಲ್ಲಿ ಕೂತು "ತಮ್ಮ ಅಭಿಪ್ರಾಯಕ್ಕೆ ನಮ್ಮ ಸಹಮತವಿದೆ" ಎಂದು ಬರೆಯುವುದು. ಕುಲಪತಿಗಳು ಯಾವುದೋ ಭಾಷಣದಲ್ಲಿ ಅವನನ್ನು ಸೇತುವೆ ಅಂದರು. ಅಂದಿನಿಂದ ಎರಡೂ ಕಡೆ ಅವನು ಸೇತುವೆ ಸಾರ್. ಮಂಡಳಿಯ ಕ್ಯಾಂಟೀನಿನಲ್ಲಿ ಅವನನ್ನು ವಿಶ್ವವಿದ್ಯಾಲಯದವನೆಂದು ಲೆಕ್ಕ ಹಿಡಿದು ಕೂಪನ್ನು ಕೊಡುತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಅವನ ಕುರ್ಚಿಯನ್ನು ಯಾರೋ ಒಯ್ದಿದ್ದರು. ಕೇಳಿದರೆ, ನೀವು ಈಗ ಅಲ್ಲಿಯವರಲ್ವಾ ಎಂದಿದ್ದರು.

ಯೋಜನೆಯ ನಮೂನೆ ತಯಾರಿಸುವಾಗ ಒಂದು ಉದಾಹರಣೆ ಬೇಕಾಗಿತ್ತು. ಮಕ್ಕಳು ಕಮ್ಮಿಯಾಗಿ ಮುಚ್ಚಬೇಕಾದ ಶಾಲೆಯ ವಿವರ ಹೇಗೆ ತುಂಬಬೇಕು ಎಂದು ತೋರಿಸಲು, ಸುಮ್ಮನೆ ಒಂದು ಶಾಲೆ. ಬಾಯಿಗೆ ಬಂದದ್ದು ಅಕ್ಕನ ಶಾಲೆ. ಅಲ್ಲಿ ತಾನೂ ಓದಿದ್ದ, ಅದರ ಕಿಟಕಿಗಳು ಎಷ್ಟೆಂದು ಕೂಡ ನೆನಪಿತ್ತು. ಮಕ್ಕಳು ತುಂಬಿರುವ ಶಾಲೆ ಉದಾಹರಣೆಗೆ ಹೊಂದುವುದಿಲ್ಲವೆಂದು ಮಕ್ಕಳ ಸಂಖ್ಯೆಯನ್ನು ಕೈಯಾರೆ ಇಳಿಸಿ ಬರೆದ. ಆಮೇಲೆ ತೆಗೆದರಾಯಿತು ಎಂದುಕೊಂಡ.

ಯಾರೂ ತೆಗೆಯಲಿಲ್ಲ. ವಿಶ್ವವಿದ್ಯಾಲಯ ಸೂಚಿಸಿದ ಶಾಲೆ ಎಂದು ಮಂಡಳಿ ಒಪ್ಪಿತು. ಮಂಡಳಿ ಒಪ್ಪಿದ ಶಾಲೆ ಎಂದು ವಿಶ್ವವಿದ್ಯಾಲಯ ತಕರಾರಿಲ್ಲ ಅಂದಿತು. ಎರಡನ್ನೂ ಅವನೇ ಬರೆದ. ಹಿಂದಿನ ಪತ್ರ ನೋಡಿ ಮುಂದಿನದನ್ನು ಬರೆಯುವುದು ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಮೂರನೆಯ ಪತ್ರದ ಹೊತ್ತಿಗೆ ಕಣ್ಣಿಗೆ ಬಿತ್ತು. ಆಗಲೂ, ಇನ್ನೊಂದು ಕಡೆಯವರು ನೋಡಿ ತೆಗೆಯುತ್ತಾರೆ ಎಂದುಕೊಂಡ. ಆ ಇನ್ನೊಂದು ಕಡೆಯವರು ಯಾರು ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಇವತ್ತು ಮಧ್ಯಾಹ್ನ ಜಂಟಿ ಸಭೆ. ಕುಲಪತಿ ಮತ್ತು ಮಂಡಳಿಯ ನಿರ್ದೇಶಕರು ರುಜು ಹಾಕಿದರೆ ಮುಗಿಯಿತು. ಅದಕ್ಕೆ ಮುಂಚೆ ಬಾಯಿ ಬಿಟ್ಟು ಹೇಳಬೇಕು. ಆ ಶಾಲೆ ಬರಿ ಉದಾಹರಣೆ, ಆ ಸಂಖ್ಯೆ ನನ್ನ ಕಲ್ಪನೆ. ಎರಡು ಮಾತು.

"ಸಾರ್," ಎಂದಳು ಮಂಡಳಿಯ ಟೈಪಿಸ್ಟ್. ನಡುವಯಸ್ಸಿನವಳು, ನಗದೆಯೇ ನಗಿಸುವವಳು. "ನಿನ್ನೆ ಅವರು ಬರೆದಿದ್ದು ಸ್ವಲ್ಪ ಒರಟಾಗಿತ್ತು. ನಾವೂ ಸ್ವಲ್ಪ ಬಿಸಿ ಮುಟ್ಟಿಸೋಣ್ವಾ?"

"ಬೇಡ. ಇದ್ದ ಹಾಗೇ ಹೊಡೀರಿ."

"ಅವರ ಮೇಲೆ ನಿಮಗೆ ಯಾಕೋ ಬಹಳ ಕರುಣೆ." ಅವಳ ಬೆರಳು ನಿಂತವು. "ಈ ಶಾಲೆ ಆರಿಸಿದ್ದು ಯಾರು ಸಾರ್?"

"ಅವರು."

"ಅವರಂದ್ರೆ?"

"ವಿಶ್ವವಿದ್ಯಾಲಯದವರು."

ಅವಳು ಅವನ ಮುಖ ನೋಡಿದಳು. ಮತ್ತೆ ಹೊಡೆಯತೊಡಗಿದಳು. ಕೀಲಿಗಳ ಸದ್ದು ಅವತ್ತು ಯಾಕೋ ಜೋರಾಗಿತ್ತು.

ಸಭೆಯ ಮೇಜು ಉದ್ದನೆಯದು. ಈ ಬದಿಗೆ ಕುಲಪತಿ, ಕುಲಸಚಿವ, ಇಬ್ಬರು ಪ್ರಾಧ್ಯಾಪಕರು. ಆ ಬದಿಗೆ ನಿರ್ದೇಶಕ, ಇಬ್ಬರು ಅಧಿಕಾರಿಗಳು. ತುದಿಯಲ್ಲಿ, ಮೇಜಿನ ಕಾಲು ಮೊಣಕಾಲಿಗೆ ತಾಗುವಲ್ಲಿ, ಅವನು. ಎದುರು ತುದಿ ಖಾಲಿ. ಅಲ್ಲಿ ನೀರಿನ ಜಗ್ಗು ಇಟ್ಟಿದ್ದರು.

ಮೊದಲು ನಿರ್ದೇಶಕರು ವಿಶ್ವವಿದ್ಯಾಲಯವನ್ನು ಹೊಗಳಿದರು. ಆಮೇಲೆ ಕುಲಪತಿಗಳು ಮಂಡಳಿಯನ್ನು ಹೊಗಳಿದರು. ಬಿಸ್ಕತ್ತು ಬಂತು. ಸಹಕಾರ ಎಂಬ ಮಾತು ಎಷ್ಟು ಸಲ ಬಂತೆಂದರೆ ಕೊನೆಗೆ ಅದು ಯಾರೋ ಗೈರುಹಾಜರಾದ ಸದಸ್ಯರ ಹೆಸರಿನಂತೆ ಕೇಳಿಸತೊಡಗಿತು.

"ಇನ್ನು ಈ ಒಂದು ಶಾಲೆಯ ವಿಷಯ," ಎಂದರು ನಿರ್ದೇಶಕರು, "ಇದರಲ್ಲಿ ಚರ್ಚೆ ಏನೂ ಇಲ್ಲ. ಎರಡೂ ಕಡೆ ಬೇರೆ ಬೇರೆಯಾಗಿ ಯೋಚಿಸಿ ಒಂದೇ ತೀರ್ಮಾನಕ್ಕೆ ಬಂದಿದ್ದೀವಿ. ನಮ್ಮ ಹತ್ರ ಇವತ್ತು ಲಾರಿ ಖಾಲಿ ಇತ್ತು. ಪೀಠೋಪಕರಣ ಪಕ್ಕದ ಶಾಲೆಗೆ ಸಾಗಿಸೋಕೆ ಕಳಿಸಿಯೇಬಿಟ್ಟೆ. ರುಜು ಆದ ತಕ್ಷಣ ಒಂದು ಫೋನ್ ಮಾಡಿದ್ರೆ ಎತ್ತಿಕೊಳ್ತಾರೆ."

ಕುಲಪತಿಗಳು ಪೆನ್ನು ತೆಗೆದರು.

"ಒಂದು ಮಾತು," ಎಂದ ಅವನು.

ಸದ್ದು ತನ್ನದೇ ಎಂದು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲರೂ ತಿರುಗಿದರು. ಈ ತುದಿಯಿಂದ ಇದುವರೆಗೆ ಯಾರೂ ಮಾತಾಡಿರಲಿಲ್ಲ.

"ಹೇಳಿ," ಎಂದರು ನಿರ್ದೇಶಕರು. "ಯಾರ ಕಡೆಯಿಂದ?"

"ಅಂದ್ರೆ?"

"ಅಲ್ಲ, ನಡಾವಳಿಯಲ್ಲಿ ಬರೀಬೇಕಲ್ಲ. ಮಂಡಳಿ ಪರವಾಗಿಯೋ, ವಿಶ್ವವಿದ್ಯಾಲಯದ ಪರವಾಗಿಯೋ?"

"ನಮ್ಮ ಕಡೆಯಿಂದ ಏನೂ ಇಲ್ಲ," ಎಂದರು ಕುಲಸಚಿವರು ಥಟ್ಟನೆ.

"ನಮ್ಮದೂ ಏನಿಲ್ಲ," ಎಂದರು ನಿರ್ದೇಶಕರು.

ಅವನು ನೀರಿನ ಜಗ್ಗನ್ನು ನೋಡುತ್ತ ಹೇಳಿದ: "ಆ ಶಾಲೆ ಉದಾಹರಣೆಗೆ ಅಂತ ಹಾಕಿದ್ದು. ನಮೂನೆ ತೋರಿಸೋಕೆ. ಅದರಲ್ಲಿ ಮಕ್ಕಳು ಅಷ್ಟು ಕಮ್ಮಿ ಇಲ್ಲ."

ಯಾರೋ ಬಿಸ್ಕತ್ತು ಕಡಿಯುತ್ತಿದ್ದವರು ಕಡಿಯುವುದನ್ನು ನಿಲ್ಲಿಸಿದರು. ನಿರ್ದೇಶಕರು ಕುಲಪತಿಗಳನ್ನು ನೋಡಿದರು.

"ಸಂಖ್ಯೆ ನಿಮ್ಮ ಕಡೆಯಿಂದ ಬಂದಿದ್ದಲ್ವಾ ಸರ್?"

"ನಾವು ಮಂಡಳಿಯದ್ದೇ ತಗೊಂಡಿದ್ದು."

ಒಂದು ಗಳಿಗೆ, ಬಹಳ ಸಣ್ಣ ಗಳಿಗೆ, ಇಬ್ಬರಿಗೂ ವಿಷಯ ತಿಳಿಯಿತು. ಅವನು ಅದನ್ನು ಇಬ್ಬರ ಕಣ್ಣಿನಲ್ಲೂ ಕಂಡ. ಹೊಸ್ತಿಲಲ್ಲಿ ಹಾವು ಕಂಡವರಂತೆ ಇಬ್ಬರೂ ತಮ್ಮ ತಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಪತ್ರ ಓದಿ ನೋಡೋಣ," ಎಂದರು ಕುಲಪತಿಗಳು.

ಅವನೇ ಓದಬೇಕಾಯಿತು. ಒಂದು ಕಡೆಯ ಪತ್ರ ಓದಿದ. ಇನ್ನೊಂದು ಕಡೆಯದನ್ನೂ ಓದಿದ. ಅದೇ ಮಾತು, ಅದೇ ಓಟ, ಒಂದೇ ಬಾಯಿ. ಮುಗಿದಾಗ ನಿರ್ದೇಶಕರ ಮುಖ ಅರಳಿತ್ತು.

"ಎಷ್ಟು ಹೊಂದಾಣಿಕೆ ನೋಡಿ. ಇದರಲ್ಲಿ ತಪ್ಪು ಎಲ್ಲಿಂದ ಬರುತ್ತೆ?"

"ಆ ಸಂಖ್ಯೆ ನಾನು ಹಾಕಿದ್ದು," ಎಂದ ಅವನು.

"ಹಾಕೋದೇ ನಿಮ್ಮ ಕೆಲಸ ಅಲ್ವೇನ್ರೀ ಸೇತುವೆಯವರೇ?"

ನಗು ಮೇಜಿನ ಎರಡೂ ಬದಿಗಳಿಂದ ಒಟ್ಟಿಗೆ ಬಂತು. ನನ್ನ ತಲೆಯಿಂದಲೇ ಹುಟ್ಟಿಸಿ ಹಾಕಿದ್ದು ಎಂಬ ಉಳಿದರ್ಧ ಆ ನಗುವಿನಲ್ಲಿ ಹೊರಬರಲಿಲ್ಲ.

ಕುಲಸಚಿವರು ಅವನ ಕಡೆ ಬಾಗಿದರು. ಮೆಲ್ಲಗೆ ಕೇಳಿದರೂ ಎಲ್ಲರಿಗೂ ಕೇಳಿಸಿತು.

"ಅಲ್ಲಿ ನಿಮ್ಮೋರು ಯಾರಾದ್ರೂ ಇದ್ದಾರೇನು?"

"ಇದ್ರೆ ಹೇಳಿ, ಸಂಕೋಚ ಬೇಡ," ಎಂದರು ನಿರ್ದೇಶಕರು. "ಅವರನ್ನ ಹತ್ತಿರದ ಶಾಲೆಗೇ ಹಾಕಿಸೋಣ."

ಹೌದು ಅಂದರೆ ತನ್ನ ಮಾತೆಲ್ಲ ತಮ್ಮನೊಬ್ಬನ ಗೋಳಾಗಿಬಿಡುತ್ತದೆ. ಇಲ್ಲ ಅಂದರೆ ಅದು ಬರಿ ಸತ್ಯವಾಗಿ ನಿಲ್ಲುತ್ತದೆ. ಹೀಗೆ ಲೆಕ್ಕ ಹಾಕಿದ. ಅಪ್ಪ ಅಮ್ಮ ಹೋದ ಮೇಲೆ ಬೆನ್ನಿಗೆ ನಿಂತು ಓದಿಸಿದವಳು ಅಕ್ಕ, ತನ್ನ ಮದುವೆಯ ಮಾತು ಬಂದಾಗಲೆಲ್ಲ ಇವನೊಂದು ದಡ ಮುಟ್ಟಲಿ ಅಂದವಳು. ಲೆಕ್ಕದಲ್ಲಿ ಅದಕ್ಕೆ ಜಾಗವಿರಲಿಲ್ಲ.

"ಇಲ್ಲ," ಎಂದ. "ಯಾರೂ ಇಲ್ಲ."

"ಮತ್ತೆ ನಿಮಗ್ಯಾಕ್ರೀ ಸಂಕಟ?"

ನಿರ್ದೇಶಕರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ್ದರು. ಪೆನ್ನು ಕಾಗದದ ಮೇಲೆ ಓಡಿತು. ಇನ್ನೊಂದು ಪೆನ್ನು ಓಡಿತು. ಅಧಿಕಾರಿಯೊಬ್ಬ ಫೋನು ಹಿಡಿದು ಹೊರಗೆ ಹೋದ. ಪತ್ರಿಕೆಗೆ ಒಂದು ಪ್ರಕಟಣೆ ಬರೆದುಬಿಡಿ ಎಂದು ಎರಡೂ ಕಡೆಯವರು ಅವನಿಗೆ ಹೇಳಿ ಎದ್ದರು.

ಪ್ರಕಟಣೆ ಬರೆಯದೆ ಅವನು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅಕ್ಕನಿಗೆ ಹೇಳಬೇಕಾದ ಮಾತನ್ನು ಜೋಡಿಸಿದ. ಎಲ್ಲವೂ 'ತಮ್ಮ ಗಮನಕ್ಕೆ ತರಬಯಸುವುದೇನೆಂದರೆ' ಎಂದು ಶುರುವಾಗುತ್ತಿದ್ದವು.

ಶಾಲೆಯ ಮುಂದೆ ಲಾರಿ ನಿಂತಿತ್ತು. ಹೊತ್ತಿಗೆ ಮುಂಚೆಯೇ ಬಿಟ್ಟರೆಂದು ಮಕ್ಕಳು ಕುಣಿಯುತ್ತ ಗೇಟಿನಿಂದ ಹೊರಗೆ ಹೋಗುತ್ತಿದ್ದರು. ಕಪ್ಪು ಹಲಗೆಗಳು, ಕುರ್ಚಿಗಳು ಆಗಲೇ ಲಾರಿಯಲ್ಲಿದ್ದವು. ಅಕ್ಕ ಅಂಗಳದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಅವನನ್ನು ಕಂಡದ್ದೇ ಮುಖ ತಿಳಿಯಾಯಿತು.

"ಬಂದ್ಯಾ? ನೋಡು, ಇವರಿಗೆ ಆಗಿಂದ ಹೇಳ್ತಾ ಇದ್ದೀನಿ. ನನ್ನ ತಮ್ಮ ಮಂಡಳಿಯಲ್ಲೇ ಇರೋದು, ಅವನು ಬಂದು ಹೇಳೋ ತನಕ ತಡೀರಪ್ಪ ಅಂತ. ಪಾಪ, ತಡೆದ್ರು. ಆಮೇಲೆ ಯಾವುದೋ ಫೋನ್ ಬಂತು."

"ಅಕ್ಕ..."

"ಮೊದಲು ನಿಲ್ಲಿಸು ಅನ್ನು. ಮಾತು ಆಮೇಲೆ ಆಡೋಣ."

ಬಾಗಿಲಲ್ಲಿ ಆಳುಗಳು ಒಂದು ಉದ್ದನೆಯ ಬೆಂಚಿನೊಂದಿಗೆ ಒದ್ದಾಡುತ್ತಿದ್ದರು. ಅಡ್ಡ ಮಾಡಿದರೂ ಬರದು, ನಿಲ್ಲಿಸಿದರೂ ಬರದು. ಬೆಂಚಿನ ಅಗಲವೇ ಹೆಬ್ಬಾಗಿಲಿಗಿಂತ ಹೆಚ್ಚು.

"ಅದು ಬರಲ್ಲ ಕಣ್ರಪ್ಪ," ಎಂದಳು ಅಕ್ಕ. "ಬಾಗಿಲು ಇಡೋಕೆ ಮುಂಚೆ ಒಳಗೇ ಕೂತು ಮಾಡಿದ್ದು ಅದು."

"ಒಳಗಿಂದ ಯಾರಾದ್ರೂ ತಳ್ಳಿದ್ರೆ ಬರುತ್ತೆ," ಎಂದ ಮೇಸ್ತ್ರಿ.

ಏನಾದರೂ ಮಾಡಬೇಕೆನ್ನಿಸಿತೋ, ಅಕ್ಕನ ಕಣ್ಣಿನಿಂದ ಮರೆಯಾಗಬೇಕೆನ್ನಿಸಿತೋ, ಅವನು ಬೆಂಚಿನ ಕಾಲುಗಳ ಸಂದಿಯಲ್ಲಿ ಬಗ್ಗಿ ಒಳಗೆ ನುಗ್ಗಿದ. ಕೋಣೆ ಖಾಲಿ. ಭುಜ ಕೊಟ್ಟು ತಳ್ಳಿದ. ಹೊರಗಿನವರು ಎಳೆದರು. ಬೆಂಚು ಕಿರುಗುಟ್ಟಿ ಬಾಗಿಲಿಗೆ ಬೆಣೆ ಹೊಡೆದಂತೆ ಸಿಕ್ಕಿಕೊಂಡಿತು. ಇನ್ನು ಹೊರಕ್ಕೂ ಇಲ್ಲ, ಒಳಕ್ಕೂ ಇಲ್ಲ. ಅವನು ಬಂದ ಸಂದಿಯೂ ಮುಚ್ಚಿತು.

"ಕೊಯ್ಯೋದೇ ಸರಿ," ಎಂದ ಮೇಸ್ತ್ರಿ. "ಗರಗಸ ತಗೊಂಬಾರೋ." ಆಮೇಲೆ ಹಲಗೆಯ ಸಂದಿಯಲ್ಲಿ ಒಂದು ಕಣ್ಣಿಟ್ಟು ಕೇಳಿದ: "ಸಾರ್, ಮೇಡಮ್ಮನ ತಮ್ಮ ನೀವೇನಾ?"

ಅಕ್ಕ ಮೇಸ್ತ್ರಿಯ ಹಿಂದೆಯೇ ನಿಂತಿದ್ದಳು. ಅವಳ ಸೀರೆಯ ಒಂದು ತುಂಡು, ಒಂದು ಕೈ, ಅಷ್ಟೇ ಕಾಣುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡ.

"ನಾನು ಮಂಡಳಿಯಿಂದ ಬಂದಿದ್ದೀನಿ," ಎಂದ.

ಆ ಕೈ ಸೊಂಟದ ಸೆರಗನ್ನು ಮೆಲ್ಲಗೆ ಬಿಡಿಸಿತು. ಅಕ್ಕ ಊಟ ಆಯ್ತಾ ಎಂದೂ ಕೇಳಲಿಲ್ಲ. ಆಮೇಲೆ ಸೀರೆಯ ತುಂಡು ಸಂದಿಯಿಂದ ಸರಿದುಹೋಯಿತು.

"ಹಾಗಾದ್ರೆ ಒಳ್ಳೇದೇ ಆಯ್ತು, ನೀವೇ ಹೇಳ್ಬಿಡಿ," ಎಂದ ಮೇಸ್ತ್ರಿ. "ಎಲ್ಲಿ ಕೊಯ್ಯೋಣ? ನಿಮ್ಮ ಕಡೆಗೋ, ನಮ್ಮ ಕಡೆಗೋ?"

ಅವನು ಮರದ ಮೇಲೆ ಅಂಗೈ ಊರಿ ನಿಂತಿದ್ದ. ಮಕ್ಕಳು ಕೂತು ಕೂತು ನುಣುಪಾದ ಮರ. ಹೊರಗೆ ಗರಗಸ ಬಂತು. ಅದರ ಹಲ್ಲು ಹಲಗೆಯನ್ನು ಎಲ್ಲೋ ತಡವಿ ಹುಡುಕುತ್ತಿರುವುದು ಅಂಗೈಗೆ ಗೊತ್ತಾಗುತ್ತಿತ್ತು.

"ಸಾರ್, ಕೇಳಿಸ್ತಾ?"

ಕೈ ತೆಗೆಯಬೇಕು ಅನ್ನಿಸಿತು. ತೆಗೆಯಲಿಲ್ಲ. ಮೊದಲ ಎಳೆತಕ್ಕೆ ಇಡೀ ಬೆಂಚು ನಡುಗಿತು, ಮರದ ಹೊಟ್ಟು ಸಣ್ಣಗೆ ಒಳಗೆ ಉದುರಿ ಅವನ ಬೆರಳ ಸಂದಿಗಳನ್ನು ತುಂಬತೊಡಗಿತು.