ತಿಥಿ ಊಟದ ಮದ್ದು

ಬೂತಪ್ಪ ಅನ್ನ ಕಲಸಿದ, ಒಂದು ತುತ್ತೂ ಬಾಯಿಗಿಡದೆ ತಟ್ಟೆ ಸರಿಸಿದ. ಮೀನು ಸಾರು ಎಂದರೆ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದ ಗಂಡಸು. ಹೆಂಡತಿ ಭೈರಮ್ಮ ಏನೂ ಕೇಳಲಿಲ್ಲ. ಕಾರಣ ತನಗೆ ಗೊತ್ತಿದೆ ಎಂದೇ ಅವಳು ನಂಬಿದ್ದಳು.

ಹೋದ ವರ್ಷ ಬಸರೀಕಟ್ಟೆಯ ತಿರುವಿನಲ್ಲಿ ಬೂತಪ್ಪ ಓಡಿಸುತ್ತಿದ್ದ ಎಸ್ಟೇಟ್ ಜೀಪು ಮಗುಚಿ, ಹಿಂದೆ ಕೂತಿದ್ದ ಕೂಲಿಯಾಳು ಗುರುವ ತೀರಿಕೊಂಡ. ಬ್ರೇಕು ಕೈಕೊಟ್ಟಿದ್ದು, ಬೂತಪ್ಪನ ತಪ್ಪಿಲ್ಲ ಎಂದು ಎಲ್ಲರೂ ಹೇಳಿದರು. ಗುರುವನ ಹೆಂಡತಿ ಭಾಗ್ಯ ತಾನೇ ಬಂದು ತಿಥಿ ಊಟಕ್ಕೆ ಕರೆದಳು. ಉಂಡು ಬಂದವನು ಮತ್ತೆ ನೆಟ್ಟಗೆ ಉಣ್ಣಲಿಲ್ಲ, ಮಲಗಲಿಲ್ಲ, ಜೀಪು ಹತ್ತಲಿಲ್ಲ. ಗಂಡನನ್ನು ಕಳೆದುಕೊಂಡವಳು ಸುಮ್ಮನೆ ಕರೆದು ಉಣಿಸುತ್ತಾಳೆಯೇ? ಊಟದಲ್ಲಿ ಗುಟ್ಟಾಗಿ, ಮನುಷ್ಯನನ್ನು ಒಳಗೊಳಗೇ ಸೊರಗಿಸುವ ಮದ್ದು ಹಾಕಿದ್ದಾಳೆ ಎಂದು ಭೈರಮ್ಮ ತೀರ್ಮಾನಿಸಿಬಿಟ್ಟಳು. ಎರಡು ಸಲ ವಾಂತಿ ಮಾಡಿಸಿ ಮದ್ದು ತೆಗೆಸಲು ಕರೆದೊಯ್ದಳು. ತೆಗೆಯುವವನು ಕಪ್ಪನೆಯ ಉಂಡೆಯೊಂದನ್ನು ತೋರಿಸಿ "ನೋಡು, ಬಂತು" ಎಂದ. ಅದು ಹೊಟ್ಟೆಯಿಂದ ಬಂತೋ ಅವನ ಜೇಬಿನಿಂದ ಬಂತೋ ಯಾರೂ ಕೇಳಲಿಲ್ಲ. ವಾಂತಿ ಮಾಡಿ ಮಾಡಿ ಬೂತಪ್ಪ ಇನ್ನಷ್ಟು ಸೊರಗಿದ.

ಆ ಭಾನುವಾರ ಅವನು ಗೋಡೆ ಕಡೆ ಮುಖ ಮಾಡಿ, "ನಾ ಇದ್ದು ಎಂತ ಮಾಡೂದು ಮಾರಾಯ್ತಿ" ಎಂದ. ಭೈರಮ್ಮ ಎದ್ದಳು. ಮಗಳು ದೀಪಶ್ರೀಯನ್ನು ಅಪ್ಪನ ಹತ್ತಿರ ಕೂರಿಸಿ, ನೇರ ಭಾಗ್ಯಳ ಮನೆಗೆ ನಡೆದಳು.

ಭಾಗ್ಯ ಕಾಫಿ ತಂದಿಟ್ಟಳು. ಭೈರಮ್ಮ ಲೋಟ ಮುಟ್ಟಲಿಲ್ಲ.

"ನಮ್ಮನೆಯವ್ರಿಗೆ ಎಂತ ಹಾಕಿದೆ ಹೇಳು. ಕಾಲು ಬೇಕಾದ್ರೂ ಹಿಡೀತೀನಿ, ತೆಗೆದುಬಿಡು."

ಭಾಗ್ಯ ಎದುರಿಗೆ ಕೂತಳು. "ಅಣ್ಣಂಗೆ ಎಂತ ಆಗ್ತದೆ ಅಕ್ಕ?"

"ಅನ್ನ ಸೇರಲ್ಲ. ನಿದ್ದೆ ಇಲ್ಲ. ಜೀಪಿನ ಸದ್ದು ಕೇಳಿದ್ರೆ ಬೆವರ್ತಾರೆ."

"ನಂಗೂ ಹಂಗೇ ಆಗಿತ್ತು. ನಂಗ್ಯಾರು ಮದ್ದು ಹಾಕಿದ್ದು ಹಂಗಾದ್ರೆ?"

ಭಾಗ್ಯ ಲೋಟವನ್ನು ಅವಳ ಕಡೆ ಸರಿಸಿದಳು.

"ಆಶಾ ಕಾರ್ಯಕರ್ತೆ ಬೈದು ಕೊಪ್ಪದ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಮಂಗಳವಾರ ಮನಸ್ಸಿನ ಡಾಕ್ಟ್ರು ಬರ್ತಾರೆ. ಮಾತ್ರೆ ಕೊಟ್ರು, ಕೂರಿಸಿ ಮಾತಾಡಿಸಿದ್ರು. ತಿಂಗಳುಗಟ್ಟಲೆ ಹಿಡೀತು. ಈಗ ಉಣ್ತೀನಿ."

"ಹುಚ್ಚು ಅಂತ ಊರಲ್ಲಿ ಆಡ್ಕೊಳಲ್ವಾ?"

"ಆಡ್ಕೊಂಡ್ರು. ಮದ್ದು ಹಾಕಿದವಳು ಅಂತಲೂ ಆಡ್ಕೊಂಡ್ರಲ್ಲ ಅಕ್ಕ."

ಭೈರಮ್ಮ ನಾಚಿಕೆಯಿಂದ ಕುಗ್ಗಿಹೋದಳು. ಆರಿದ ಕಾಫಿಯನ್ನು ಎತ್ತಿ, ತಳದವರೆಗೂ ಕುಡಿದಳು.

ಮಂಗಳವಾರ ಭಾಗ್ಯಳೂ ಸೇರಿ ಮೂವರೂ ಒಂದೇ ಬಸ್ಸಿನಲ್ಲಿ ಕೊಪ್ಪಕ್ಕೆ ಹೋದರು. ದಾರಿಯುದ್ದಕ್ಕೂ ಬೂತಪ್ಪ ಭಾಗ್ಯಳತ್ತ ಮುಖ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಅವಳು ಹೊರಗಿನ ಬೆಂಚಿನಲ್ಲಿ ಕೂತಳು, ಗಂಡ ಹೆಂಡತಿ ಒಳಗೆ ಹೋದರು.

"ಇದು ಯಾವಾಗಿಂದ ಶುರುವಾಯ್ತು?" ಡಾಕ್ಟರು ಕೇಳಿದರು.

ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದ ‘ತಿಥಿ ಊಟದಿಂದ’ ಎಂಬ ಉತ್ತರ ಭೈರಮ್ಮನ ನಾಲಿಗೆ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

"ಜೀಪು ಮಗುಚಿದ ದಿನದಿಂದ ಮೇಡಂ. ಆವತ್ತು ಇವರಿಗೂ ಪೆಟ್ಟಾಗಿತ್ತು. ನಂಗೆ ಗೊತ್ತಾಗ್ಲಿಲ್ಲ."

ಬೂತಪ್ಪ ಹೆಂಡತಿಯ ಕಡೆ ತಿರುಗಿದ. ಗುರುವ ಸತ್ತ ಮೇಲೆ ಮೊದಲ ಸಲ ಅವನು ಬಾಯಿಬಿಟ್ಟು ಅತ್ತ.