ಎತ್ತಿಕೊಂಡು ಹೋದ ಓಟ

ಶಾಲೆಯ ಕ್ರೀಡಾಕೂಟದಲ್ಲಿ ಓಟದ ಪೀಪಿ ಊದಿದ್ದೇ ತಡ, ಬಿಳಿ ಟೋಪಿಯ ಇಬ್ಬರು ಸ್ವಯಂಸೇವಕರು ಓಡಿಬಂದು ಚಂಡಿಯನ್ನು ಅನಾಮತ್ತಾಗಿ ಎತ್ತಿಕೊಂಡರು. ಅವಳ ವಾಕರ್ ಗೆರೆಯ ಹಿಂದೆಯೇ ಉಳಿಯಿತು. ಅವಳು ಕೈಕಾಲು ಬಡಿದದ್ದು ಖುಷಿಗೆಂದೇ ತಿಳಿದ ಅತಿಥಿಗಳು ಚಪ್ಪಾಳೆ ತಟ್ಟಿದರು. ಮೈದಾನದ ಆ ತುದಿಯಲ್ಲಿ ಮುಖ್ಯ ಅತಿಥಿ ಅವಳ ಕೊರಳಿಗೆ ಪದಕ ಹಾಕಿ, ಕೆನ್ನೆ ಹಿಂಡಿ, ಕ್ಯಾಮೆರಾ ಕಡೆ ತಿರುಗಿ ನಕ್ಕರು.

ಪೀಪಿ ಇನ್ನೂ ವ್ಯಾಯಾಮದ ಟೀಚರ್ ಬಾಯಲ್ಲೇ ಇತ್ತು. ಹಲ್ಲು ಕಚ್ಚಿದ ರಭಸಕ್ಕೆ ಪ್ಲಾಸ್ಟಿಕ್ಕು ಚಟ್ಟೆಂದಿತು.

ಚಂಡಿ ಎಂದು ಹೆಸರಿಟ್ಟವರು ಶಾಲೆಯ ಆಯಾಗಳು. ಹಟ ಹಿಡಿದರೆ ಬಿಡುವ ಹುಡುಗಿಯಲ್ಲ. ಈ ವಿಶೇಷ ಶಾಲೆಗೆ ಸೇರಿದಾಗ ಗಾಲಿಕುರ್ಚಿಯಲ್ಲಿ ಕೂತೂ ಕೂತೂ ಮೈ ಊದಿಕೊಂಡಿತ್ತು. ಹಿಡಿದು ನಿಲ್ಲಿಸಿದರೆ ಏದುಸಿರು. ಬಿದ್ದರೆ ಜವಾಬ್ದಾರಿ ಯಾರದು ಎಂದು ಹೆಡ್‌ಮಿಸ್ ತಕರಾರು ತೆಗೆದಿದ್ದರು. ನನ್ನದೇ ಎಂದು ಟೀಚರ್ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಅವಳನ್ನು ಮೈದಾನಕ್ಕಿಳಿಸುತ್ತಿದ್ದಳು; ಮಳೆ ಬಂದರೆ ವರಾಂಡದಲ್ಲಿ. ಈಚೆಗೆ ಮೈದಾನದ ಉದ್ದಕ್ಕೂ ನಡೆಯುವಷ್ಟು ಕಸುವು ಬಂದಿತ್ತು. ಹುಡುಗಿ ಅದನ್ನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಅಮ್ಮ ಕಣ್ಣಾರೆ ನೋಡಲಿ ಎಂದು ಈ ದಿನಕ್ಕಾಗಿ ಕಾದಿದ್ದಳು.

ಟೀಚರ್ ವಾಕರ್ ಎತ್ತಿಕೊಂಡು ಮೈದಾನ ದಾಟಿ ನೇರ ಹೆಡ್‌ಮಿಸ್ ಎದುರು ನಿಂತಳು. ದೊಡ್ಡವರನ್ನು ಬಿಸಿಲಲ್ಲಿ ಎಷ್ಟು ಹೊತ್ತು ಕೂರಿಸುವುದು, ಹೇಗೂ ಎಲ್ಲ ಮಕ್ಕಳಿಗೂ ಪದಕ ಸಿಕ್ಕಿತಲ್ಲ ಎಂದು ಹೆಡ್‌ಮಿಸ್ ಸಮಾಧಾನ ಹೇಳಿದರು. ಪಕ್ಕದಲ್ಲೇ ಇದ್ದ ಚಂಡಿಯ ಅಮ್ಮನೂ, ಹೋಗಲಿ ಬಿಡಿ, ಪಾಪ, ಒಳ್ಳೆಯ ಮನಸ್ಸಿನಿಂದ ಮಾಡಿದ್ದಾರೆ ಎಂದಳು.

"ಒಳ್ಳೆ ಮನಸ್ಸಂತೆ." ಟೀಚರ್ ದನಿ ಏರಿತು. "ಅವಳೇನು ಸಿಮೆಂಟ್ ಮೂಟೆನಾ, ಇಲ್ಲಿಂದ ಎತ್ತಿ ಅಲ್ಲಿ ಇಳ್ಸೋಕೆ? ಅವಳನ್ನ ಒಂದು ಮಾತು ಕೇಳಿದ್ರಾ ಯಾರಾದ್ರೂ?"

ಹೆಡ್‌ಮಿಸ್ ಅತಿಥಿಗಳತ್ತ ಕಣ್ಣು ಹಾಯಿಸಿ, ಸ್ವಲ್ಪ ಮೆಲ್ಲಗೆ ಎಂದರು.

"ಅವರಿಗೂ ಕೇಳ್ಲಿ ಅಂತಾನೇ ಹೇಳ್ತಿದೀನಿ ಮೇಡಂ."

ಅಷ್ಟರಲ್ಲಿ ಕುರ್ಚಿಯಲ್ಲಿ ಕೂರಿಸಿದ್ದ ಚಂಡಿ ಪದಕ ಕಿತ್ತು ನೆಲಕ್ಕೆಸೆದಳು. ಅವಳಿಗೆ ಒಂದೊಂದು ಮಾತೂ ಕಷ್ಟಪಟ್ಟೇ ಬರುತ್ತಿತ್ತು. "ಕೊ...ಡಿ," ಎಂದು ವಾಕರಿಗೆ ಕೈ ಚಾಚಿದಳು. ಎದ್ದು, ಓಟ ಶುರುವಾದ ಗೆರೆಯ ಕಡೆಗೆ ಮುಖ ಮಾಡಿ ಹೊರಟಳು. ಮುಖವೆಲ್ಲ ಕೆಂಪೇರಿತ್ತು. ವಾಕರನ್ನು ನೆಲಕ್ಕೆ ಕುಕ್ಕುತ್ತಾ, ಮೈಯೆಳೆದುಕೊಳ್ಳುತ್ತಾ, ಮತ್ತೆ ಕುಕ್ಕುತ್ತಾ ನಡೆದಳು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದಳು.

ಅರ್ಧ ದಾರಿ ದಾಟಿದ ಮೇಲೆ ವಾಕರ್ ಕಲ್ಲಿಗೆ ತಗುಲಿ ಮಗುಚಿತು. ಹುಡುಗಿ ಬೋರಲು ಬಿದ್ದಳು. ಓಡಿದ ಅಮ್ಮನ ಹಿಂದೆಯೇ ಟೀಚರ್ ಓಡಿ, ಅಮ್ಮ ಇನ್ನೇನು ಮಗಳನ್ನು ಎತ್ತಬೇಕೆನ್ನುವಾಗ ಆಕೆಯ ರಟ್ಟೆ ಹಿಡಿದುಕೊಂಡಳು. ನನ್ನ ಮಗಳು, ಬಿಡಿ ಎಂದು ಅಮ್ಮ ಕೊಸರಾಡಿದಳು.

"ಮುಟ್...ಬೇಡ," ಎಂದಳು ಚಂಡಿ, ನೆಲದಿಂದಲೇ.

ಅಮ್ಮನ ಕೈ ಸಡಿಲಾಯಿತು. ಸ್ವಯಂಸೇವಕರು ಚಹಾದ ಲೋಟ ಹಿಡಿದುಕೊಂಡೇ ನಿಂತಿದ್ದರು. ಹುಡುಗಿ ಮೊಣಕೈ ಊರಿ ತಲೆಯೆತ್ತಿ, ತುಟಿಗೆ ಮೆತ್ತಿದ ಮಣ್ಣು ಉಗುಳಿ, ವಾಕರಿನ ಕಾಲು ಹಿಡಿದು ತನ್ನ ಕಡೆಗೆ ಎಳೆದುಕೊಳ್ಳತೊಡಗಿದಳು.