ಎಡಗಡೆಯ ಬ್ರೇಕು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರನ್ನು ಊರೆಲ್ಲ ಬ್ರೇಕ್ ಮೇಷ್ಟ್ರು ಅಂತಲೇ ಕರೆಯುತ್ತಿತ್ತು. ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಎಡಗಡೆಗೂ ಒಂದು ಬ್ರೇಕು ಇರುತ್ತದಲ್ಲ, ಅದನ್ನು ಅವರಷ್ಟು ತುಳಿದವರು ಯಾರೂ ಇರಲಾರರು. ನಾಯಿ ರಸ್ತೆಗಿಳಿಯುವ ಮುಂಚೆ ಒಮ್ಮೆ, ಇಳಿದ ಮೇಲೆ ಒಮ್ಮೆ, ಅದು ದಾಟಿ ಹೋದ ಮೇಲೆ ಮನಸ್ಸಿನ ಸಮಾಧಾನಕ್ಕೆ ಇನ್ನೊಮ್ಮೆ. ಪಾರ್ಕಿನಲ್ಲಿ ಮಕ್ಕಳು ಉಯ್ಯಾಲೆಯನ್ನು ಜೋರಾಗಿ ಜೀಕಿದರೂ ಬೆಂಚಿನ ಮೇಲೆ ಕೂತ ಮೇಷ್ಟ್ರ ಬಲಗಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತುತ್ತಿತ್ತು. ಲಿಫ್ಟಿನಲ್ಲಿ ಅವರ ಜೊತೆ ಇಳಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು.

ಇಂಥವರಿಗೆ ಎಂಥ ಹೆಂಡತಿ ಸಿಕ್ಕಿದ್ದಳು ಅಂತೀರಿ! ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವ ಕೆಲಸ ಆಕೆಯದು. ಹಗಲೆಲ್ಲ ಕೆನ್ನೆ ಊದಿದವರ ಜೊತೆ ಬೆಣ್ಣೆಯಂಥ ದನಿಯಲ್ಲಿ ಮಾತಾಡಿ, ಸಂಜೆ ಮನೆಗೆ ಬಂದವಳೇ ಚಪ್ಪಲಿ ಒಂದು ಕಡೆ ಕೈಚೀಲ ಒಂದು ಕಡೆ ಎಸೆದು, ಟೀವಿಯ ಮುಂದೆ ಕೂತು ಕಾರ್ ರೇಸಿನ ವಿಡಿಯೋ ಗೇಮ್ ಶುರು ಮಾಡುವಳು. ಬೆಟ್ಟದ ರಸ್ತೆ, ಕೆಳಗೆ ಸಮುದ್ರ, ಇವಳ ಕೆಂಪು ಕಾರು. ಪಕ್ಕದ ಕಾರಿನವನಿಗೆ ಅವಳು ಬಯ್ಯುವ ಬೈಗುಳ ಕೇಳಿದ್ದರೆ ಡಾಕ್ಟರು ಇನ್ನೊಬ್ಬಳನ್ನು ಹುಡುಕಿಕೊಳ್ಳುತ್ತಿದ್ದರು.

ಮೇಷ್ಟ್ರು ಸೋಫಾದಲ್ಲಿ ಅವಳ ಎಡಕ್ಕೆ ಕೂರುತ್ತಿದ್ದರು. ಅವರಿಗೆ ಆಟದ ಹುಚ್ಚೇನೂ ಇರಲಿಲ್ಲ, ಆ ಜಾಗದ ಹುಚ್ಚು ಇತ್ತು. ಕಾರು ತಿರುಗಿದ ಕಡೆಗೆಲ್ಲ ಹೆಂಡತಿಯೂ ವಾಲುತ್ತಿದ್ದಳು. ಎಡದ ತಿರುವು ಬಂದಾಗಲೆಲ್ಲ ಅವಳ ಭುಜ ಇವರ ಭುಜಕ್ಕೆ ಒರಗುತ್ತಿತ್ತು. ದಿನವಿಡೀ ಕಂಡವರ ಮಕ್ಕಳ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವ ಮನುಷ್ಯನಿಗೆ ಆ ಒಂದು ಗಂಟೆ ಬಹಳ ಹಿತವಾಗಿತ್ತು. ಸುಮ್ಮನೆ ಕೂತಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ಆದರೆ ತಿರುವು ಹತ್ತಿರ ಬಂದ ಕೂಡಲೇ ಅವರ ಕೈ ಹಾರಿ ಅವಳು ಆಡಲು ಕೈಯಲ್ಲಿ ಹಿಡಿದಿದ್ದ ಕಂಟ್ರೋಲರಿನ ಎಡಗಡೆಯ ಟ್ರಿಗರ್ ಹಿಡಿದು ಹಿಂಡಿಬಿಡುತ್ತಿತ್ತು. ಆ ಟ್ರಿಗರ್ರೇ ಬ್ರೇಕು. ಹೀಗೆ ಹಿಂಡಿಸಿಕೊಂಡು ಈವರೆಗೆ ಮೂರು ಕಂಟ್ರೋಲರುಗಳು ಪ್ರಾಣ ಬಿಟ್ಟಿದ್ದವು.

ಮೂರನೆಯದು ಟಕ್ಕೆಂದು ಮುರಿದ ದಿನ ಹೆಂಡತಿ ಕೂಗಾಡಲಿಲ್ಲ. ಕ್ಲಿನಿಕ್ಕಿನ ದನಿಯಲ್ಲಿ ಮಾತಾಡಿದಳು. ಆಗಲೇ ಮೇಷ್ಟ್ರಿಗೆ ಎದೆ ಧಸಕ್ಕೆಂದಿತು.

"ಭಾನುವಾರ ತಂಗಿ ಆಡೋಕೆ ಬರ್ತಾಳೆ. ಅಷ್ಟರಲ್ಲಿ ಮುರೀದೆ ಇರೋವಂಥದ್ದು ಒಂದು ನೀವೇ ಹೋಗಿ ತನ್ನಿ. ಅವತ್ತು ನಿಮ್ಮ ಕೈ ಅದರ ಮೇಲೆ ಒಂದ್ಸಲ ಬಿದ್ರೂ ಸಾಕು, ಆಮೇಲೆ ನಿಮಗೆ ಅಡುಗೆಮನೆ ಸ್ಟೂಲೇ ಗತಿ. ಅಲ್ಲಿಂದ್ಲೇ ನೋಡ್ಕೊಳ್ಳಿ."

ಅಡುಗೆಮನೆಯ ಸ್ಟೂಲಿನಿಂದ ಟೀವಿಯ ಅರ್ಧ ಮಾತ್ರ ಕಾಣುತ್ತಿತ್ತು. ಹೆಂಡತಿಯಂತೂ ಕಾಣುತ್ತಲೇ ಇರಲಿಲ್ಲ.

ಅಂಗಡಿಯಲ್ಲಿ ಗಾಜಿನ ಕಪಾಟಿನ ಹಿಂದೆ ಒಬ್ಬ ಹುಡುಗಿ ಇದ್ದಳು. ಯಾವ ಗೇಮ್ ಆಡ್ತೀರಾ ಸರ್ ಎಂದು ಕೇಳಿದಳು. ನಾನು ಆಡೋದಿಲ್ಲಮ್ಮ, ಬರೀ ಬ್ರೇಕ್ ಹಾಕ್ತೀನಿ ಅಂದರು ಮೇಷ್ಟ್ರು. ದಿನಕ್ಕೆ ಎಷ್ಟೋ ಥರದ ಗಿರಾಕಿಗಳನ್ನು ನೋಡುತ್ತಿದ್ದ ಆಕೆ ಆರು ಡಬ್ಬಿ ಬಿಚ್ಚಿ ಸಾಲಾಗಿ ಇಟ್ಟಳು.

ಮೇಷ್ಟ್ರು ಹಳೇ ಕಾರು ಕೊಳ್ಳುವವರ ಹಾಗೆ ಒಂದೊಂದನ್ನೇ ಎತ್ತಿ, ಅಲುಗಾಡಿಸಿ, ಕಿವಿಗಿಟ್ಟು ಕೇಳಿದರು. ವೈರ್ ಇಲ್ಲದಿದ್ದರೆ ಸಿಗ್ನಲ್ ದಾರಿಯಲ್ಲಿ ತಪ್ಪಿಸಿಕೊಳ್ಳುವುದಿಲ್ಲವೇ ಎಂದು ವಿಚಾರಿಸಿದರು. ಬ್ಯಾಟರಿ ಆಟದ ನಡುವೆ ಕೈಕೊಟ್ಟರೆ ತಳ್ಳಿ ಸ್ಟಾರ್ಟ್ ಮಾಡಲು ಬರುತ್ತದೆಯೇ ಎಂದರು. ಕೆಲವು ಕಂಟ್ರೋಲರುಗಳಲ್ಲಿ ಕಾರನ್ನು ತಿರುಗಿಸುವ ಪುಟ್ಟ ಕಡ್ಡಿ ಸವೆದುಹೋಗಿ, ಬೆರಳು ತೆಗೆದರೂ ಕಾರು ತಾನಾಗಿಯೇ ಒಂದು ಪಕ್ಕಕ್ಕೆ ಎಳೆಯುತ್ತದೆ, ಆಯಸ್ಕಾಂತದ ಕಡ್ಡಿ ಇರುವುದನ್ನು ತೆಗೆದುಕೊಂಡರೆ ಆ ರಗಳೆ ಇಲ್ಲ ಎಂದು ಹುಡುಗಿ ವಿವರಿಸಿದಳು. "ಹಾಗಂದ್ರೆ ಅಲೈನ್‌ಮೆಂಟ್ ಹೋಗೋದು. ಅಷ್ಟು ಹೇಳಬಾರದಾ?" ಎಂದು ಮೇಷ್ಟ್ರು ಅರಳಿದರು. ಅಲ್ಲಿಂದ ಇಬ್ಬರಿಗೂ ಭಾಷೆ ಕೂಡಿಬಂತು.

ಟ್ರಿಗರನ್ನು ಎಷ್ಟು ಒತ್ತಿದರೆ ಬ್ರೇಕು ಹಿಡಿಯಬೇಕು ಅನ್ನುವುದನ್ನು ಹಿಂದಿರುವ ಗುಂಡಿಯಿಂದ ಹೆಚ್ಚು ಕಡಿಮೆ ಮಾಡಬಹುದು ಎಂದಳು. ಯಾವ ಬಟನ್ನಿನ ಕೆಲಸವನ್ನು ಯಾವುದಕ್ಕೆ ಬೇಕಾದರೂ ಕೊಡಬಹುದು, ಡಿಕ್ಕಿಯಾದಾಗ ಕಂಟ್ರೋಲರು ನಡುಗುವುದು ಬೇಡವೆಂದರೆ ಅದನ್ನೂ ನಿಲ್ಲಿಸಬಹುದು ಎಂದಳು. ಹಾಗಾದರೆ ಎಲ್ಲ ಬಟನ್ನಿಗೂ ಬ್ರೇಕಿನ ಕೆಲಸವನ್ನೇ ಕೊಡಲು ಬರುತ್ತದೆಯೇ ಎಂದು ಮೇಷ್ಟ್ರು ಆಸೆಯಿಂದ ಕೇಳಿದರು. ಬರುತ್ತದೆ, ಆದರೆ ಆಗ ಕಾರು ಹೊರಡುವುದೇ ಇಲ್ಲ ಎಂದಳು. ಅವರಿಗೆ ಅದರಲ್ಲಿ ದೊಡ್ಡ ಕೊರತೆಯೇನೂ ಕಾಣಲಿಲ್ಲ.

ಬಾಳಿಕೆಯ ಪರೀಕ್ಷೆಗೆ ಅವರು ಕಣ್ಣು ಮುಚ್ಚಿದರು. ಎದುರಿಗೆ ಲಾರಿ ಬರುತ್ತಿದೆ, ಸ್ಟೇರಿಂಗ್ ಹಿಡಿದವನು ಆಕಾಶ ನೋಡುತ್ತಿದ್ದಾನೆ ಎಂದು ಕಲ್ಪಿಸಿಕೊಂಡು ಎಡಗಡೆಯ ಟ್ರಿಗರನ್ನು ಒತ್ತಿದರು. ಮೊದಲನೆಯದು ಮುಲುಗಿತು. ಎರಡನೆಯದರ ಒಳಗೆ ಏನೋ ಉದುರಿತು. ಇದು ಮೊದಲೇ ಸಡಿಲ ಇತ್ತು ಸರ್ ಎಂದು ಹುಡುಗಿ ಅದನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಉಳಿದವುಗಳಲ್ಲಿ ಒಂದು ಕಪ್ಪು ಕಂಟ್ರೋಲರು, ಒಳಗೆ ಲೋಹದ ಕೀಲು ಇದ್ದದ್ದು, ಮೇಷ್ಟ್ರ ಬೆರಳು ನೋವು ಬರುವ ತನಕ ತಡೆದುಕೊಂಡಿತು. ಬೆರಳು ಸೋತರೂ ಅದು ಸೋಲಲಿಲ್ಲ. ಮೇಷ್ಟ್ರು ಹೆಮ್ಮೆಯಿಂದ ಅದನ್ನು ಕಟ್ಟಿಸಿಕೊಂಡು ಬಂದರು.

ಭಾನುವಾರ ನಾದಿನಿ ತನ್ನ ಕಂಟ್ರೋಲರನ್ನು ಕನ್ನಡಕದ ಡಬ್ಬಿಯಂಥದ್ದರಲ್ಲಿ ಇಟ್ಟುಕೊಂಡು ಜಂಭದಿಂದ ಬಂದಳು. ಮೂರು ಆಟದಲ್ಲಿ ಎರಡು ಸೋತವಳು ಗೆದ್ದವಳನ್ನು ಮುಂದಿನ ಭಾನುವಾರದ ತನಕ ಗುರುಗಳೇ ಎಂದು ಕರೆಯಬೇಕು, ಅದು ಅಕ್ಕ ತಂಗಿಯರ ಒಪ್ಪಂದ. ಮೇಷ್ಟ್ರು ಎಂದಿನ ಜಾಗದಲ್ಲಿ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡರು. ಭಾವ ಮೊಟ್ಟೆಗೆ ಕಾವು ಕೊಡ್ತಿದಾರಾ ಎಂದು ನಾದಿನಿ ಕೇಳಿದಳು. ಅವರು ಕೈಗಳನ್ನು ಇನ್ನಷ್ಟು ಒಳಗೆ ತೂರಿಸಿದರು.

ಆಟ ಶುರುವಾಯಿತು. ಮೊದಲ ತಿರುವಿನಲ್ಲಿ ಕೆಂಪು ಕಾರು ಗೋಡೆಗೆ ಉಜ್ಜಿಕೊಂಡು ಹೋಯಿತು. ಎರಡನೆಯದರಲ್ಲಿ ಒಂದು ಬೋರ್ಡನ್ನು ಹೊತ್ತುಕೊಂಡು ಹೋಯಿತು. ಹೊಸ ಕಂಟ್ರೋಲರ್ ಸರಿಯಿಲ್ಲ ಎಂದು ಹೆಂಡತಿ ಗೊಣಗಿದಳು. ಆರಿಸಿ ತಂದದ್ದು ಮೇಷ್ಟ್ರೇ ತಾನೇ. ಏನಾಗಿದೆ ಎಂದು ಬಗ್ಗಿ ನೋಡಿದರು. ಕಂಟ್ರೋಲರಿಗೆ ಏನೂ ಆಗಿರಲಿಲ್ಲ. ಹೆಂಡತಿಯ ಎಡಗೈಯ ತೋರುಬೆರಳು ಟ್ರಿಗರಿನ ಪಕ್ಕದಲ್ಲಿ ಆರಾಮಾಗಿ ಮಲಗಿತ್ತು. ಅದು ಬ್ರೇಕಿನ ಕಡೆ ಹೋಗುತ್ತಲೇ ಇರಲಿಲ್ಲ. ಇಷ್ಟು ದಿನ ಆ ಕೆಲಸ ಯಾರು ಮಾಡುತ್ತಿದ್ದರು ಅನ್ನುವುದು ಮೇಷ್ಟ್ರಿಗೆ ಆಗ ಹೊಳೆಯಿತು. ಅವಳಿಗೆ ಬ್ರೇಕ್ ಹಾಕಲು ಬರುತ್ತಿರಲಿಲ್ಲ. ಅವರು ಕಲಿಯಲು ಬಿಟ್ಟಿದ್ದರೆ ತಾನೇ?

ಸಮುದ್ರದ ಮೇಲಿನ ಕೊನೆಯ ತಿರುವು ಬಂತು. ಆ ಹೊತ್ತಿಗೆ ಹೇಗೋ ಹೆಂಡತಿಯೇ ಮುಂದಿದ್ದಳು. ಮೇಷ್ಟ್ರ ಬಲಗಾಲು ನೆಲ ಒತ್ತಿತು, ಹಣೆಯಲ್ಲಿ ಬೆವರು ಒಡೆಯಿತು. ಕೈ ಮಾತ್ರ ತೊಡೆಯ ಕೆಳಗಿಂದ ಬರಲಿಲ್ಲ. ಬಂದರೆ ಈ ಜಾಗ ಹೋಗುತ್ತದೆ, ಈ ಭುಜ ಹೋಗುತ್ತದೆ ಎಂದು ಅವರು ಹಲ್ಲು ಕಚ್ಚಿ ಕೂತರು. ಕೆಂಪು ಕಾರು ರಸ್ತೆ ಬಿಟ್ಟು, ಗಾಳಿಯಲ್ಲಿ ಅಂದವಾಗಿ ಒಂದು ಸುತ್ತು ಹೊಡೆದು, ಸಮುದ್ರಕ್ಕೆ ಬಿತ್ತು. ನಾದಿನಿ ನಿಧಾನಕ್ಕೆ ಬಂದು ಗೆರೆ ದಾಟಿದಳು.

ಹೆಂಡತಿ ಗುಳ್ಳೆಗಳು ಏಳುವುದನ್ನು ನೋಡಿ ಮುಗಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಯಾಕ್ರೀ ಹಾಕ್ಲಿಲ್ಲ?"

"ನೀನೇ ಮುಟ್ಟಬೇಡಿ ಅಂದಿದ್ದೆ."

"ಅಂದಿದ್ದೆ. ಹೆಂಡ್ತಿ ಸಮುದ್ರಕ್ಕೆ ಬೀಳೋವಾಗ್ಲೂ ಸುಮ್ನೆ ನೋಡ್ತಾ ಕೂತಿರ್ತಾರಾ?"

ಮೇಷ್ಟ್ರು ಕೈಗಳನ್ನು ಹೊರತೆಗೆದರು. ಎರಡಕ್ಕೂ ಜೋಮು ಹಿಡಿದಿತ್ತು. ಹೆಂಡತಿ ಅವುಗಳನ್ನು ನೋಡಿದಳು, ಬಲಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಬಯ್ಯುತ್ತಲೇ ರಕ್ತ ಓಡುವ ಹಾಗೆ ಉಜ್ಜಿದಳು. ಮೇಷ್ಟ್ರಿಗೆ ಕಣ್ಣು ತುಂಬಿಬಂತು. ಜೋಮಿಗೆ ಅಂತ ಅಂದುಕೊಂಡರು.

ಆಮೇಲೆ ಅವಳು ಸೆಟ್ಟಿಂಗ್ ತೆರೆದು, ಸ್ಟೇರಿಂಗಿನ ಕೆಲಸವನ್ನು ಬಲಗಡೆಯ ಕಡ್ಡಿಗೆ ಕೊಟ್ಟಳು. ಆಕ್ಸಿಲರೇಟರ್ ಮೊದಲಿಂದಲೂ ಬಲಗಡೆಗೇ ಇತ್ತು. ಕಂಟ್ರೋಲರಿನ ಬಲ ಅರ್ಧವನ್ನು ತಾನು ಹಿಡಿದು, ಬ್ರೇಕಿದ್ದ ಎಡ ಅರ್ಧವನ್ನು ಗಂಡನ ಕೈಗೆ ಹಿಡಿಸಿದಳು. ಒಬ್ಬಳ ಮೇಲೆ ಇಬ್ಬರು ಬೀಳುವುದು ಅನ್ಯಾಯ ಎಂದು ನಾದಿನಿ ತಕರಾರು ತೆಗೆದಳು. ನಿನಗೇನು, ಭಾವನ ಕೈ ಇರೋವಾಗ ಲಾಭ ನಿನಗೇ ಕಣೆ ಎಂದು ಅಕ್ಕ ಸಮಾಧಾನ ಹೇಳಿದಳು.

ಎರಡನೆಯ ಆಟ ಶುರುವಾಯಿತು. ಹಸಿರು ದೀಪ ಹತ್ತಿದ್ದೇ ತಡ, ನಾದಿನಿಯ ಕಾರೂ ಉಳಿದ ಕಾರುಗಳೂ ಕಣ್ಮರೆಯಾದವು. ಕೆಂಪು ಕಾರು ಮಾತ್ರ ಗೆರೆಯ ಮೇಲೆಯೇ ನಿಂತು ಗುರುಗುಟ್ಟುತ್ತಿತ್ತು.

"ರೀ, ಬ್ರೇಕ್ ಬಿಡಿ," ಅಂದಳು ಹೆಂಡತಿ.

"ಬಿಡ್ತೀನಿ. ಮೊದಲು ಹಿಂದೆ ಯಾರಾದ್ರೂ ಬರ್ತಿದಾರಾ ನೋಡ್ಕೋ."

ಹೆಂಡತಿ ಬಟನ್ ಒತ್ತಿ ಹಿಂದೆ ನೋಡಿದಳು. ರಸ್ತೆ ಖಾಲಿ ಬಿದ್ದಿತ್ತು, ಬರುವವರು ಯಾರೂ ಉಳಿದಿರಲಿಲ್ಲ. ಯಾರೂ ಇಲ್ಲ ಎಂದು ನಗು ತಡೆದುಕೊಂಡು ಹೇಳಿ, ಅವರ ಭುಜಕ್ಕೆ ಒರಗಿದಳು. ಇನ್ನೂ ಒಂದು ತಿರುವೂ ಬಂದಿರಲಿಲ್ಲ.